ಬೀಗಿತ್ತಿಯ ಮೇಲೊಂದು ಹಾಡು

ಹೊಟ್ಟೆಕಿಚ್ಚು ಒಳ್ಳೆಯದಲ್ಲ ಎಂದು ತರಗತಿಯಲ್ಲಿ ಪಾಠ ಹೇಳಿ, ಸ್ಟಾಫ್ ರೂಮಿಗೆ ಬಂದು ಕೂತು ಹೊಟ್ಟೆಕಿಚ್ಚು ಪಡುವ ಟೀಚರು ನಾನು. ಊರವರೆಲ್ಲರ ಮೇಲೆ ಪಡುವಷ್ಟು ಪುರಸೊತ್ತಿಲ್ಲ. ತಳಕಿನ ಶಾಲೆಯಲ್ಲಿ ನನ್ನ ಪಕ್ಕ ಕೂತು, ನನ್ನ ಉತ್ತರ ನೋಡಿ ಬರೆದು, ನನಗಿಂತ ಹೆಚ್ಚು ಅಂಕ ತೆಗೆದ ಓಬಕ್ಕನ ಮೇಲೆ ಮಾತ್ರ. ಈಗ ರಾಂಪುರದಲ್ಲಿ ಅವಳದೇ ಸೀರೆ ಅಂಗಡಿಯಿದೆ. ಇರಲಿ ಬಿಡಿ. ಮದುವೆ ಮನೆಗಳಲ್ಲಿ ನಿಂತ ನಿಲುವಿನಲ್ಲೇ ಹಾಡು ಕಟ್ಟುತ್ತಾಳಲ್ಲ, ಅದನ್ನು ಸಹಿಸಲಾರೆ.

ನಮ್ಮ ಕಡೆ ಬೀಗರನ್ನು ಹಾಡಿನಲ್ಲಿ ಮೂದಲಿಸದೆ ಮದುವೆ ಮುಗಿಯುವುದಿಲ್ಲ. ಎರಡೂ ಕಡೆಯ ಹೆಂಗಸರು ಚಪ್ಪರದಲ್ಲಿ ಎದುರುಬದುರು ಕೂರುತ್ತಾರೆ. ತಿರುಗಿ ಹಾಡಲಾರದವರ ಮಾನ ಅಲ್ಲೇ ಹರಾಜು. ನಮ್ಮಣ್ಣನ ಮಗನಿಗೆ ಓಬಕ್ಕನ ಮಗಳೊಂದಿಗೇ ಮದುವೆ ಗೊತ್ತಾದಾಗ ಅತ್ತಿಗೆ ನನ್ನ ಕೈ ಹಿಡಿದು, "ಪೇಪರ್‌ನಾಗೆ ಕವಿತೆ ಬರೆದೋಳು ನೀನೊಬ್ಳೇ. ಆಕೀನ ಗೆಲ್ಲಾಕೆ ಬಿಡಬ್ಯಾಡ" ಎಂದಳು. ನನಗೆ ಬೇಕಾದದ್ದೂ ಅದೇ.

ಮೊಳಕಾಲ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ ಎರಡು ಸಾಲು ತಾನಾಗಿ ಹೊಳೆದವು. ಸುಮ್ಮನಿರಬಾರದಿತ್ತೇ? ಮನೆಗೆ ಬಂದವಳೇ ಗಂಡನಿಗೆ ಹಾಡಿ ತೋರಿಸಿದೆ. ಅವರು ಪ್ರಾಸ ತಿದ್ದಿದರು. ಹೆಡ್‌ಮಾಸ್ಟರು "ಒಂದು ಸಂದೇಶ ಇರಲಿ ಮೇಡಂ" ಎಂದರು. ಅತ್ತೆ, "ಅವಳ ಮೂಗಿನ ಸುದ್ದಿ ತೆಗಿಬ್ಯಾಡ, ನೊಂದ್ಕತಾಳೆ" ಎಂದು ಇದ್ದ ಒಂದು ಖಾರವನ್ನೂ ತೆಗೆಸಿದರು. ಎಲ್ಲರೂ ತಿದ್ದಿ ಮುಗಿಸುವಷ್ಟರಲ್ಲಿ ಅದು ಗಣರಾಜ್ಯೋತ್ಸವಕ್ಕೆ ಹಾಡಬಹುದಾದ ಹಾಡಾಗಿತ್ತು.

ಚಿಕ್ಕವಳಿದ್ದಾಗ ನಾನು ಶೇಂಗಾ ಗಿಡಗಳನ್ನೂ ಹೀಗೇ ಕಾಯಿ ಕಟ್ಟಿದೆಯೋ ಇಲ್ಲವೋ ಎಂದು ಕಿತ್ತು ಕಿತ್ತು ನೋಡುತ್ತಿದ್ದೆ. "ನೋಡಿದ್ದಾತಲ್ಲ, ಇನ್ನು ಅದು ಕಟ್ಟಾಕಿಲ್ಲ ಬಿಡು" ಎನ್ನುತ್ತಿದ್ದ ಅಪ್ಪ.

ತಡೆಯಲಾರದೆ ಎಸ್‌ಟಿಡಿ ಬೂತಿನಿಂದ ಓಬಕ್ಕನಿಗೆ ಫೋನು ಮಾಡಿದೆ. "ಹಾಡು ಎಲ್ಲಿಗೆ ಬಂತೇ?"

"ಯಾವ ಹಾಡೇ? ಅವತ್ತಿಗೆ ಬಂದ್ರೆ ಬರ್ತೈತೆ, ಇಲ್ಲಾಂದ್ರೆ ಉಂಡು ಮಲಗಾದು."

ಆ ನಿಶ್ಚಿಂತೆ ಕೇಳಿ ನನಗೆ ಮೈಯೆಲ್ಲ ಉರಿಯಿತು. ಅಂಕ, ಅಂಗಡಿ, ಹಾಡು ಎಲ್ಲ ಹೋಗಲಿ. ತನ್ನ ಮೇಲೆ ಇಷ್ಟೊಂದು ನಂಬಿಕೆ ಇವಳಿಗೆ ಯಾರು ಕೊಟ್ಟರು?

ಮದುವೆಯ ದಿನ ಅವಳು ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ಶುರು ಮಾಡಿದಳು: "ಟೀಚರಮ್ಮ ಬಂದಾಳೆ ಬೀಗರ ದಂಡಿನಾಗೆ, ಪಾಯಸದ ದ್ರಾಕ್ಷಿಗೂ ಹಾಜರಿ ಕರೀತಾಳೆ!" ಚಪ್ಪರವೆಲ್ಲ ನಕ್ಕಿತು. ನಾನೂ ನಕ್ಕುಬಿಟ್ಟೆ, ಅದೇ ಅವಮಾನ. ಎದ್ದು ನನ್ನ ತಿದ್ದಿದ ಹಾಡನ್ನು ಎತ್ತಿಕೊಂಡೆ. ಒಂದು ಸಾಲು ಮುಗಿಯುವಷ್ಟರಲ್ಲಿ ಮುಂದೆ ಕೂತ ಅಜ್ಜಿ ಆಕಳಿಸಿತು. ಓಬಕ್ಕ ನನ್ನನ್ನು ಕರುಣೆಯಿಂದ ನೋಡಿದಳು. ಅಷ್ಟೇ. ಯಾರಿಗೂ ತೋರಿಸದೆ, ಯಾರಿಂದಲೂ ತಿದ್ದಿಸದೆ ನನ್ನೊಳಗೆ ವರ್ಷಗಟ್ಟಲೆ ಬೆಳೆದಿದ್ದು ಒಂದೇ ಒಂದು, ಆ ಹೊಟ್ಟೆಕಿಚ್ಚು. ಅದು ತಾನಾಗಿ ಬಾಯಿಗೆ ಬಂತು:

"ನನ್ನ ನೋಡಿ ಬರೆದು ಪಾಸಾದ ಬೀಗಿತ್ತಿ,
ಇವತ್ತಿನ ಹಾಡು ಯಾರದು ಕದ್ದೀಯೇ?"

ಚಪ್ಪರ ಹಾರಿಹೋಗುವಂತೆ ನಗು. ಎಲ್ಲರಿಗಿಂತ ಜೋರಾಗಿ ನಕ್ಕವಳು ಓಬಕ್ಕ. "ಇಷ್ಟು ದಿನ ಎಲ್ಲಿಟ್ಟಿದ್ಯೇ ಇದನ್ನ?" ಎಂದು ಬಂದು ತಬ್ಬಿಕೊಂಡಳು. ಗೆದ್ದೆ ಎಂದು ನಾನು ಊಟದಲ್ಲಿ ಹೋಳಿಗೆ ಕೇಳಿ ಹಾಕಿಸಿಕೊಂಡೆ.

ಕೆಲವು ವರ್ಷಗಳ ಮೇಲೆ ಚಳ್ಳಕೆರೆಯ ಒಂದು ಮದುವೆಯಲ್ಲಿ ಯಾರೋ ಹೆಂಗಸರು ಅದೇ ಹಾಡು ಹಾಡುತ್ತಿದ್ದರು. ಎದೆಯುಬ್ಬಿಸಿ, "ಯಾರು ಕಟ್ಟಿದ್ದಮ್ಮ ಇದು?" ಎಂದು ಕೇಳಿದೆ.

"ರಾಂಪುರದ ಓಬಕ್ಕಂದು ಕಣ್ರಿ."

ನನ್ನದು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಇನ್ನೊಂದು ಸಾಲು ಎತ್ತಿದರು: "ಎಷ್ಟು ಕದ್ದರೇನು, ನಿನ್ನ ಚಿನ್ನದ ಗಂಟಂಥ ಮಗಳು ನಮ್ಮ ಮನಿಗೇ ಬಂದ್ಲಲ್ಲೇ!" ಅದು ನಾನು ಕಟ್ಟಿದ ಸಾಲಲ್ಲ. ಕೇಳಿದರೆ ಓಬಕ್ಕನದೂ ಅಲ್ಲವಂತೆ. ಯಾರದೆಂದು ಯಾರಿಗೂ ಗೊತ್ತಿಲ್ಲ, ನಮ್ಮಿಬ್ಬರ ಸಾಲುಗಳಿಗಿಂತಲೂ ಚೆನ್ನಾಗಿತ್ತು. ನಾನೂ ಅವರ ನಡುವೆ ಕೂತು ದನಿಗೂಡಿಸಿದೆ. ಹೊಟ್ಟೆ ಉರಿಯುತ್ತಲೇ ಇತ್ತು. ಯಾರ ಮೇಲೆ ಎಂಬುದು ಮಾತ್ರ ಈ ಸಲ ಅದಕ್ಕೂ ಗೊತ್ತಿರಲಿಲ್ಲ.