ಖಾಲಿ ಬಟ್ಟಲು ಕೊಡದ ಅತ್ತೆ

ನನ್ನ ಸೋದರತ್ತೆಯ ಎಡಗಣ್ಣಿನಲ್ಲಿ ಹಾಲುಬಿಳಿ ಪೊರೆ ಬೆಳೆದಿತ್ತು. ಯಾರನ್ನು ನೋಡಬೇಕಾದರೂ ಕೋಳಿಯ ಹಾಗೆ ಕತ್ತು ಓರೆ ಮಾಡಿ, ಬಲಗಣ್ಣನ್ನು ಅವರ ಮುಖದ ಹತ್ತಿರಕ್ಕೇ ಒಯ್ಯುತ್ತಿದ್ದಳು. ಎಪ್ಪತ್ತರ ದಶಕದ ಕೊನೆಯಲ್ಲಿ ಆಪರೇಷನ್ನಿಗೆಂದು ನ್ಯಾಮತಿಯಿಂದ ಮುಂಬಯಿಗೆ, ನನ್ನ ಒಂದೇ ಕೋಣೆಯ ಮನೆಗೆ ಬಂದಳು. ನಾನಾಗ ಅಲ್ಲಿ ಗುಮಾಸ್ತ. ಆಸ್ಪತ್ರೆಯಲ್ಲಿ ತಾರೀಖು ಸಿಗುವುದಕ್ಕೇ ಎರಡು ತಿಂಗಳು ಅಲೆಯಬೇಕಾಯಿತು.

ಅಲ್ಲಿಯವರೆಗೆ ತೆಪ್ಪಗೆ ಮನೆಯಲ್ಲಿರು ಎಂದರೆ ಕೇಳಬೇಕಲ್ಲ! ನಾನು ಆಫೀಸಿಗೆ ಹೊರಟರೆ ಇವಳು ಗೋಡೆ ಹಿಡಿದುಕೊಂಡು ಬೀದಿಗೆ. ನಮ್ಮ ಚಾಳಿನ ಹಿಂದೆ ಬೋರಾ ಮುಸ್ಲಿಮರ ಗಲ್ಲಿ, ಅದನ್ನು ದಾಟಿದರೆ ಪಾರ್ಸಿಗಳ ಹಳೇ ಮನೆಗಳು, ಅದರಾಚೆ ಯೆಹೂದಿಗಳ ಓಣಿ. ಆರು ವರ್ಷದಲ್ಲಿ ನಾನು ಅಲ್ಲಿ ಕಂಡದ್ದು ಬಸ್ ಸ್ಟಾಪಿನ ದಾರಿಯನ್ನಷ್ಟೇ. ಇವಳು ವಾರದೊಳಗೆ ಅವರ ಅಡಿಗೆಮನೆಗಳಿಗೇ ನುಗ್ಗಿದ್ದಳು. ಭಾಷೆ? ನ್ಯಾಮತಿ ಸಂತೆಯಲ್ಲಿ ಕಲಿತ ನಾಲ್ಕು ಉರ್ದು ಮಾತು, ಉಳಿದದ್ದು ಕೈಸನ್ನೆ.

"ಪಾರ್ಸಿ ಮುದುಕಿಗೆ ಮೊಣಕಾಲು ನೋವು ಐತೆ. ಎಳ್ಳೆಣ್ಣೆ ಕಾಸಿ ಹಚ್ಚಾಕೆ ಹೇಳಿದೀನಿ."

"ಅವರು ಯಾರೋ ಏನೋ, ನಿನಗ್ಯಾಕತ್ತೆ?"

"ಬಾಗ್ಲು ತೆಗೆದೋರು ನಮ್ಮೋರು. ಸುಮ್ಕಿರು."

ಇದನ್ನಾದರೂ ಸಹಿಸಬಹುದಿತ್ತು, ಬಟ್ಟಲುಗಳ ಕಾಟ ಮಾತ್ರ ಸಾಕುಸಾಕಾಯಿತು. ತಿಂಡಿ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ನಮ್ಮ ಕಡೆಯ ಪದ್ಧತಿ. ಬೋರಾ ಮನೆಯವರು ಶಾವಿಗೆ ಪಾಯಸ ಕೊಟ್ಟರೆ ಇವಳು ಅದೇ ಬಟ್ಟಲಿಗೆ ಮಂಡಕ್ಕಿ ಒಗ್ಗರಣೆ ತುಂಬಿ ಕೊಡುವಳು. ಅವರು ಮತ್ತೇನೋ ಕಳಿಸುವರು, ಇವಳು ಮತ್ತೆ ಸ್ಟೋವ್ ಹಚ್ಚುವಳು. ಬಂದದ್ದನ್ನು ತಾನು ಮುಟ್ಟುತ್ತಿರಲಿಲ್ಲ. "ನಂಗೆ ನೇಮ ಐತಪ್ಪ, ನೀನು ತಿನ್ನು" ಎಂದು ನನ್ನ ತಟ್ಟೆಗೆ ಸುರಿಯುತ್ತಿದ್ದಳು. ನೇಮ ಅವಳದು, ಹೊಟ್ಟೆ ಕೆಟ್ಟದ್ದು ನನ್ನದು.

ಆಸ್ಪತ್ರೆಗೆ ಸೇರುವ ದಿನ ಶನಿವಾರ. ಬೆಳಿಗ್ಗೆ ಎಂಟಕ್ಕೆ ಅಲ್ಲಿರಬೇಕಿತ್ತು. ಸ್ನಾನ ಮಾಡಿ ಬಂದರೆ ಅತ್ತೆ ಇಲ್ಲ! ಗಲ್ಲಿಗಲ್ಲಿ ಹುಡುಕಿ, ಹತ್ತು ಗಂಟೆಗೆ ಯೆಹೂದಿ ಮನೆಯೊಂದರ ಮೆಟ್ಟಿಲ ಮೇಲೆ ಹಿಡಿದೆ. ಮಡಿಲಲ್ಲಿ ತುಂಬಿದ ಬಟ್ಟಲು, ಹಿಂದೆ ಬೀಗ ಹಾಕಿದ ಬಾಗಿಲು.

"ಪ್ರಾರ್ಥನೆಗೆ ಹೋಗ್ಯಾರಂತೆ. ಬರ್ಲಿ ತಡಿ."

"ನಿನಗೆ ಕಣ್ಣು ಬೇಕೋ, ಬಟ್ಟಲು ಬೇಕೋ?" ನಾನು ಬೀದಿಯಲ್ಲೇ ಕೂಗಾಡಿದೆ.

"ಕೂಗಬ್ಯಾಡೋ. ಕಣ್ಣಿಗೆ ಕತ್ತರಿ ಹಾಕ್ತಾರೆ. ನಾನು ವಾಪಸ್ ಬರ್ದೇ ಹೋದ್ರೆ ಇದನ್ನ ಯಾರು ಕೊಡ್ತಾರೆ? ನೀನು ಕೊಡ್ತೀಯಾ?"

ಅವಳಿಗೆ ಅಷ್ಟೊಂದು ಹೆದರಿಕೆಯಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಆದರೂ ಸಿಟ್ಟು ಇಳಿಯಲಿಲ್ಲ. ತಾರೀಖು ತಪ್ಪಿತು. ಮತ್ತೊಂದು ತಿಂಗಳು ನಾನು ಆಸ್ಪತ್ರೆಗೆ ಅಲೆದೆ, ಅವಳ ಬಟ್ಟಲುಗಳು ಗಲ್ಲಿಗಲ್ಲಿ ಅಲೆದವು. ಕೊನೆಗೂ ಆಪರೇಷನ್ ಆಗಿ, ಕಣ್ಣು ಬಂದು, ಅವಳು ಊರಿಗೆ ಮರಳಿದಳು.

ಕೆಲವು ವರ್ಷಗಳ ನಂತರ, ನಾನಿನ್ನೂ ಅದೇ ಚಾಳಿನಲ್ಲಿದ್ದಾಗ, ಅವಳು ತೀರಿಹೋದಳೆಂದು ತಂತಿ ಬಂತು. ರೈಲು ಸಂಜೆಗಿತ್ತು. ಅವಳ ಬಟ್ಟಲುಗಳು ಹೋಗುತ್ತಿದ್ದ ಮನೆಗಳಿಗೆ ತಿಳಿಸದೆ ಹೊರಡಲು ಮನಸ್ಸಾಗದೆ ಒಂದೊಂದೇ ಬಾಗಿಲು ತಟ್ಟಿದೆ. ಪಾರ್ಸಿ ಮುದುಕಿ ನನ್ನನ್ನು ಒಳಗೆ ಕೂರಿಸಿ, ಕೈ ಹಿಡಿದುಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಹಿಂದಿಯಲ್ಲಿ ಕೇಳಿದಳು: "ಇದನ್ನು ಹೇಳಲಿಕ್ಕೆ ಅಷ್ಟು ದೂರದ ನ್ಯಾಮತಿಯಿಂದ ಬಂದೆಯಾ ಮಗಾ?"

"ಇಲ್ಲಮ್ಮ," ಎಂದೆ, "ಹಿಂದಿನ ಬೀದಿಯಿಂದ."