ಹರಿಹರದ ಸೇತುವೆಯ ಆಚೆ ತುದಿ

ಕುಮಟಾದಿಂದ ನಾವು ಹೊರಟಾಗ ಬೆಳಗಿನ ಆರು ಗಂಟೆ. ಹಿಂದಿನ ದಿನದಿಂದ ಮಳೆ ಒಂದೇ ಸಮನೆ ಸುರಿಯುತ್ತಿತ್ತು. ನಮ್ಮ ಮನೆಯವರು ಮಿಲಿಟರಿ ಹರಾಜಿನಲ್ಲಿ ಕೊಂಡಿದ್ದ ಹಳೆಯ ಜೀಪಿಗೆ ಬಾಗಿಲುಗಳಿರಲಿಲ್ಲ. ಎರಡೂ ಕಡೆ ಗೋಣಿತಾಟು ಕಟ್ಟಿದ್ದರು. ಒಳಗೆ ಅವರು, ನಾನು, ಒಂದು ಟ್ರಂಕು, ಒಂದು ಬುತ್ತಿಯ ಗಂಟು, ನನ್ನ ಕೈಚೀಲದಲ್ಲಿ ಐದು ಪೋಸ್ಟ್ ಕಾರ್ಡು. ಈ ಕಾರ್ಡುಗಳ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೂರಿಪ್ಪತ್ತು ಮೈಲಿ ಹೋದವಳು ತವರೂರಿಗೆ ಕಾಲಿಡದೆ ಹೊಳೆಯ ದಂಡೆಯಲ್ಲಿ ಯಾಕೆ ಕೂತಳು ಎಂಬುದು ಯಾರಿಗೂ ತಿಳಿಯುವುದಿಲ್ಲ.

ನನ್ನ ತವರು ಹರಿಹರ. ಬಯಲುಸೀಮೆಯ ಹುಡುಗಿಯನ್ನು ಸಮುದ್ರದ ದಂಡೆಗೆ ಕೊಡುತ್ತಾರೆಂದು ಕೇಳಿ ಓಣಿಯ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟಿದ್ದರಂತೆ. ಆದರೆ ನಮ್ಮ ಮಾವನವರ ಹಿರಿಯರೂ ಬಯಲಿನವರೇ. ಹತ್ತಿ ಗಾಡಿಗಳು ಕುಮಟಾದ ಬಂದರಿಗೆ ಇಳಿಯುತ್ತಿದ್ದ ಕಾಲದಲ್ಲಿ ಅವುಗಳ ಹಿಂದೆಯೇ ಘಟ್ಟ ಇಳಿದವರು. ಹತ್ತಿ ಬರುವುದು ನಿಂತ ಮೇಲೆ ಮೆಣಸಿನಕಾಯಿ, ಬೆಲ್ಲ, ಜೋಳದ ಅಂಗಡಿ ಇಟ್ಟುಕೊಂಡು ಅಲ್ಲೇ ಉಳಿದರು. ಹೊಸ್ತಿಲ ಹೊರಗೆ ಕರಾವಳಿ, ಒಳಗೆ ಮಾತು, ಅಡುಗೆ, ಹಬ್ಬ ಎಲ್ಲವೂ ಘಟ್ಟದ ಮೇಲಿನವು.

ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಬೇಕು. ಆದರೆ ತಾವಾಗಿ ಹೋಗುವಂತಿಲ್ಲ, ತವರಿನಿಂದ ಯಾರಾದರೂ ಬಂದು ಕರೆಯಬೇಕು. ಅಪ್ಪ ಬದುಕಿದ್ದಷ್ಟು ದಿನ ಒಂದು ವರ್ಷವೂ ತಪ್ಪಿಸಲಿಲ್ಲ. ಮೂರು ಬಸ್ಸು ಬದಲಿಸಿ, ಖಡಕ್ ರೊಟ್ಟಿ, ಶೇಂಗಾ ಉಂಡೆ, ಅಳ್ಳಿಟ್ಟು ತುಂಬಿದ ಬುಟ್ಟಿ ಹೊತ್ತುಕೊಂಡು ಬರುತ್ತಿದ್ದ. ಜಗಲಿಯಲ್ಲಿ ಕೂತು, ನೀರು ಕುಡಿದು, ನಮ್ಮ ಅತ್ತೆಗೆ "ಮಗಳನ್ನ ಕರ್ಕೊಂಡು ಹೋಗಾಕೆ ಬಂದೀನ್ರಿ ಬೀಗತಿ" ಅನ್ನುತ್ತಿದ್ದ. ಆ ಒಂದು ಮಾತಿಗಾಗಿ ನಾನು ವರ್ಷವಿಡೀ ಕಾಯುತ್ತಿದ್ದೆ.

ಅವ್ವ ನನ್ನ ಮದುವೆಗೆ ಮೊದಲೇ ಹೋಗಿದ್ದಳು. ಅಪ್ಪನೂ ತೀರಿಕೊಂಡ ಮೇಲೆ, ಮುಂದಿನ ಪಂಚಮಿಗೆ ಅಪ್ಪನ ಬುಟ್ಟಿಯ ಬದಲು ಅಣ್ಣನ ಕಾರ್ಡು ಬಂತು. ಅಣ್ಣ ದಾವಣಗೆರೆಯ ಹತ್ತಿ ಮಿಲ್ಲೊಂದರಲ್ಲಿ ಗುಮಾಸ್ತ. ಎಲ್ಲವೂ ಕಾಗದದಲ್ಲಿ ನಡೆಯುವ ಜಾಗದಲ್ಲಿ ಕೂತು ಕೂತು, ತಂಗಿಯನ್ನು ಕರೆಯುವುದೂ ಕಾಗದದಲ್ಲಿ ಮುಗಿಯುತ್ತದೆ ಎಂದು ತಿಳಿದಿದ್ದ. ಓದು ಬಾರದ ನಮ್ಮ ಅತ್ತೆ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ, "ಕಾರ್ಡಿನ ಸಂಗಾಟ ಸೊಸೀನ ಹೆಂಗೆ ಕಳಿಸ್ಲಿ? ಮನಷಾ ಬರ್ಬೇಕು" ಅಂದರು. ಅತ್ತೆಯನ್ನು ದೂರುವುದು ಬೇಡ, ನನಗೂ ಹಾಗೆಯೇ ಅನ್ನಿಸಿತ್ತು. "ಪಂಚಮಿಗೆ ಬಾ" ಎಂಬ ಮೊದಲ ಸಾಲು ಓದಿದೊಡನೆ ಮೈಯೆಲ್ಲ ಉರಿದು, ಕಾರ್ಡನ್ನು ಗೋಡೆಯ ಗೂಡಿಗೆ ತುರುಕಿದೆ. ಉತ್ತರ ಬರೆಯಲಿಲ್ಲ. ಹೀಗೆ ಐದು ವರ್ಷ, ಐದು ಕಾರ್ಡು. ಅಪ್ಪನ ಜೊತೆಗೆ ನನ್ನ ತವರೂ ಹೋಯಿತು ಎಂದುಕೊಂಡು ನೀರೊಲೆಯ ಮುಂದೆ ಅತ್ತದ್ದುಂಟು. ಹೊಗೆಯೆಂದು ಎಲ್ಲರೂ ತಿಳಿದರು.

ಆ ವರ್ಷ ನಮ್ಮ ಮನೆಯವರಿಗೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರದ ಕೆಲಸವಿತ್ತು. "ಹೆಂಗೂ ಅಲ್ಲೀ ತನ ಹೋಗ್ತೀನಿ, ನಿನ್ನ ಹರಿಹರಕ್ಕ ಬಿಟ್ಟು ಬರ್ತೀನಿ" ಎಂದರು. ಕರೆಯದೆ ಹೋಗುವುದುಂಟೇ ಎಂದು ನಾನು ಮುಖ ತಿರುಗಿಸಿದೆ. ದಾರಿ ತೋರಿಸಿದವರು ಅತ್ತೆ. "ಹೊಳೀ ದಾಟಬ್ಯಾಡ. ಈಚೆ ದಂಡೀ ಮ್ಯಾಲೆ ಕುಂದ್ರು, ಹೇಳಿ ಕಳಿಸು. ನಿಮ್ಮಣ್ಣ ಬಂದು ಕರೆದ್ರ ದಾಟು. ಬರದಿದ್ರ ತಿರುಗಿ ಬಾ, ಇನ್ನ ಮ್ಯಾಲೆ ಆ ಕಡೆ ನೋಡಬ್ಯಾಡ." ನನಗೆ ಇದು ಸರಿ ಕಂಡಿತು. ಎದುರಿಗೆ ನಿಲ್ಲಿಸಿ ಅಣ್ಣನ ಮುಖದ ಮೇಲೆ ಎಸೆಯಬೇಕೆಂದು ಗೂಡಿನಿಂದ ಐದೂ ಕಾರ್ಡು ಕಿತ್ತು ಚೀಲಕ್ಕೆ ಹಾಕಿಕೊಂಡೆ.

ದೇವಿಮನೆ ಘಟ್ಟ ಹತ್ತುವಾಗ ಜೀಪು ಎರಡು ಸಲ ಕುದಿಯಿತು. ರಸ್ತೆಯ ಪಕ್ಕದಲ್ಲೇ ಝರಿಗಳು ಹರಿಯುತ್ತಿದ್ದುದರಿಂದ ನೀರಿಗೆ ಬರವಿರಲಿಲ್ಲ. ತಿರುವಿನಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಎದುರಿಗೆ ಬಂದ ಲಾರಿಯ ದೀಪ ಮೂತಿಗೆ ಮೂತಿ ತಾಗುವಷ್ಟು ಹತ್ತಿರ ಬಂದ ಮೇಲೆ ಕಂಡಿತು. ನಾನು ಕಣ್ಣು ಮುಚ್ಚಿಕೊಂಡೆ. ಇವರು ಮಾತ್ರ "ಏನೂ ಆಗಂಗಿಲ್ಲ, ಇದು ಯುದ್ಧ ನೋಡಿ ಬಂದ ಗಾಡಿ" ಎನ್ನುತ್ತ ಜೀಪನ್ನು ಹಿಂದಕ್ಕೆ ಸರಿಸಿದರು. ಜೀಪನ್ನು ಹೊಗಳಿದಷ್ಟು ಇವರು ಬೇರೆ ಯಾರನ್ನೂ ಹೊಗಳಿದ್ದು ನಾನು ಕಂಡಿಲ್ಲ. ಘಟ್ಟದ ನೆತ್ತಿಯಲ್ಲಿ ಎಲ್ಲ ಗಾಡಿಗಳೂ ನಿಲ್ಲುವ ದೇವಿಯ ಗುಡಿಯಿದೆ. ಅಲ್ಲಿ ಕಾಯಿ ಒಡೆದು, ಅದರ ಚೂರು ತಿನ್ನುತ್ತ ಮುಂದೆ ಹೋದೆವು.

ಶಿರಸಿ ತಲುಪಿದಾಗ ಹನ್ನೊಂದೂವರೆ. ಹೋಟೆಲಿನಲ್ಲಿ ಬಿಸಿ ಅವಲಕ್ಕಿ, ಚಹಾ. ಅಲ್ಲಿಂದ ಹಾನಗಲ್ಲಿನ ಕಡೆಗೆ ತಿರುಗಿದ ಮೇಲೆ ಮಳೆ ತೆಳುವಾಗುತ್ತ ಬಂತು. ಮರಗಳು ಹಿಂದೆ ಸರಿದವು, ಆಕಾಶ ಅಗಲವಾಯಿತು. ಒಂದು ದಿನ್ನೆ ಹತ್ತಿ ಇಳಿದಾಗ ಎದುರಿಗೆ ಎರೆಹೊಲ. ಕಪ್ಪು ನೆಲದಲ್ಲಿ ಗೇಣುದ್ದದ ಹಸಿರು ಸಾಲು, ನಡುವೆ ಕಳೆ ತೆಗೆಯಲು ಎಡೆಕುಂಟೆ ಹೊಡೆಯುವ ಎತ್ತುಗಳು. ಐದು ವರ್ಷ ನಾನು ಕಂಡದ್ದು ತೆಂಗು, ಗದ್ದೆ, ಸಮುದ್ರ. ಗಾಡಿ ನಿಲ್ಲಿಸಿ ಎಂದೆ. ಇಳಿದು ಒಂದು ಹಿಡಿ ಮಣ್ಣು ತೆಗೆದುಕೊಂಡೆ. ಬೆರಳಿಗೆ ಅಂಟಿಕೊಂಡಿತು. "ಇದನ್ನ ಕುಮಟಾಕ್ಕ ಒಯ್ತೀಯೇನು?" ಎಂದು ಇವರು ನಕ್ಕರು. ನಾನು ಹಿಡಿ ಬಿಚ್ಚದೆಯೇ ಗಾಡಿ ಹತ್ತಿದೆ.

ಆ ದಿನ ಹಾವೇರಿಯಲ್ಲಿ ಇವರ ದೂರದ ಸಂಬಂಧಿಕರ ಮನೆಯಲ್ಲಿ ತಂಗಿದೆವು. ಮರುದಿನ ನನ್ನನ್ನು ಎಬ್ಬಿಸಿದ್ದು ಹಿತ್ತಿಲ ಕಡೆಯಿಂದ ಬಂದ ರೊಟ್ಟಿ ಬಡಿಯುವ ಸದ್ದು. ಅವ್ವ ಇದ್ದಾಳೆ, ನಾನು ಹರಿಹರದಲ್ಲಿದ್ದೇನೆ ಎಂದೇ ಒಂದು ಗಳಿಗೆ ಅನ್ನಿಸಿತು.

ಬ್ಯಾಡಗಿಯ ಕೆಲಸವನ್ನು ವಾಪಸು ಬರುವಾಗ ನೋಡಿಕೊಳ್ಳುತ್ತೇನೆಂದು ಇವರು ನೇರವಾಗಿ ರಾಣೇಬೆನ್ನೂರಿನ ದಾರಿ ಹಿಡಿದರು. ಹತ್ತೂವರೆಗೆ ತುಂಗಭದ್ರೆ ಕಂಡಳು. ಶ್ರಾವಣದ ಹೊಳೆ, ದಂಡೆಯಿಂದ ದಂಡೆಗೆ ಕೆಂಪು ನೀರು. ಆಚೆ ದಡದಲ್ಲಿ ನಮ್ಮೂರು. ನಾನು ಚಿಕ್ಕವಳಿದ್ದಾಗ ಈ ಸೇತುವೆಯ ಒಂದು ತುದಿ ಮೈಸೂರು ಸಂಸ್ಥಾನ, ಇನ್ನೊಂದು ತುದಿ ಮುಂಬಯಿ ಪ್ರಾಂತ. ಅಪ್ಪ ನನ್ನನ್ನು ನಡುವೆ ನಿಲ್ಲಿಸಿ, "ಈಗ ನಿನ್ನ ಒಂದು ಕಾಲು ಅಲ್ಲೈತೆ, ಒಂದು ಕಾಲು ಇಲ್ಲೈತೆ" ಎಂದು ನಗಿಸುತ್ತಿದ್ದ. ರಾಜ್ಯ ಒಂದಾಗಿ ಕೆಲವು ವರ್ಷಗಳಾಗಿದ್ದವು. ನನಗೆ ಮಾತ್ರ ಆ ದಿನ ಅದು ಗಡಿಯಾಗಿಯೇ ಇತ್ತು.

ಸೇತುವೆಯ ಈ ತುದಿಯಲ್ಲಿ, ಬೇವಿನ ಮರದ ಕೆಳಗಿನ ಹಾಸುಗಲ್ಲಿನ ಮೇಲೆ, ಟ್ರಂಕು, ಬುತ್ತಿ ಇಳಿಸಿಕೊಂಡು ನಾನು ಕೂತೆ. "ಅರ್ಧ ತಾಸಿನಾಗ ಕರ್ಕೊಂಡು ಬರ್ತೀನಿ" ಎಂದು ಇವರು ಜೀಪು ಹತ್ತಿ ದಾಟಿಹೋದರು. ಅರ್ಧ ತಾಸಾಯಿತು, ಒಂದು ತಾಸಾಯಿತು. ಮನೆ ಇರುವುದು ಸೇತುವೆ ಇಳಿದರೆ ಐದು ನಿಮಿಷದ ದಾರಿ. ಅಣ್ಣ ಬರುವುದಿಲ್ಲ ಎಂದಿರಬೇಕು, ಇವರು ಅದನ್ನು ನನಗೆ ಹೇಗೆ ಹೇಳುವುದೆಂದು ತಿಳಿಯದೆ ಎಲ್ಲೋ ಕೂತಿರಬೇಕು. ಹನ್ನೆರಡು ಗಂಟೆಗೆ ನಾನು ಹಾಗೆಂದು ನಿಶ್ಚಯಿಸಿಬಿಟ್ಟೆ.

ಹತ್ತಿರದಲ್ಲಿ ಎಮ್ಮೆ ಮೇಯಿಸುತ್ತಿದ್ದ ಮುದುಕಿಯೊಬ್ಬಳು ಆಗಿನಿಂದ ನನ್ನನ್ನೇ ನೋಡುತ್ತಿದ್ದಳು. ಕೊನೆಗೆ ತಡೆಯಲಾರದೆ ಬಂದು ಕೇಳಿದಳು.

"ಯಾಕವ್ವ, ಆಗ್ಲಿಂದ ಇಲ್ಲೇ ಕುಂತೀ? ಯಾರ ದಾರಿ ನೋಡ್ತೀ?"

"ನಮ್ಮಣ್ಣ ಕರ್ಯಾಕೆ ಬರ್ಬೇಕು."

"ಮತ್ತೆ ಊರು ಇಲ್ಲೇ ಕಾಣ್ತೈತಲ್ಲ?"

"ಊರು ಕಾಣ್ತೈತೆ. ಅಣ್ಣ ಕಾಣವಲ್ಲ."

ಅವಳು ಪಕ್ಕದಲ್ಲಿ ಕೂತು, ಸಂಚಿ ಬಿಚ್ಚಿ ಎಲೆ ಅಡಿಕೆ ಕೊಟ್ಟಳು. ನಾನು ಬುತ್ತಿಯ ರೊಟ್ಟಿ ಕೊಟ್ಟೆ. "ಬರ್ತಾನ ಬಿಡವ್ವ. ಗಂಡಸ್ರಿಗೆ ಹೊತ್ತು ಗೊತ್ತಾಗಂಗಿಲ್ಲ" ಎಂದಳು.

ಮಾಡಲು ಬೇರೆ ಕೆಲಸವಿರಲಿಲ್ಲ. ಅಣ್ಣನಿಗೆ ಎಸೆಯಲು ತಂದ ಕಾರ್ಡುಗಳನ್ನು ತೆಗೆದೆ. ಮೊದಲ ಸಾಲಿನ ಆಚೆ ಓದಿದ್ದು ಅಂದೇ.

ಮೊದಲ ಕಾರ್ಡಿನಲ್ಲಿತ್ತು: "ಅಪ್ಪನ ರುಮಾಲು, ಕೋಲು ಗೂಟಕ್ಕೆ ಹಾಗೆಯೇ ಇಟ್ಟಿದ್ದೇನೆ, ನೀನು ಬಂದು ನೋಡು." ಎರಡನೆಯದರಲ್ಲಿ: "ಹೋದ ವರ್ಷ ನಿನ್ನ ಅತ್ತಿಗೆ ಅಳ್ಳಿಟ್ಟು ಮಾಡಿ ಹಬ್ಬ ಮುಗಿಯುವತನಕ ಡಬ್ಬಿ ತೆರೆಯಲಿಲ್ಲ." ಮೂರು, ನಾಲ್ಕರಲ್ಲಿ ಉತ್ತರ ಬರೆ, ಉತ್ತರ ಬರೆ ಎಂದು ಎರಡೆರಡು ಸಲ. ಐದನೆಯದು ಆ ವರ್ಷದ್ದು: "ಹರಿಹರದ ಮನೆ ಬಿಟ್ಟು ದಾವಣಗೆರೆಗೆ ಬಂದಿದ್ದೇವೆ. ಮಿಲ್ಲಿನ ಹಿಂದಿನ ಓಣಿ, ಬಾಡಿಗೆ ಮನೆ. ಚಿಕ್ಕದು. ಆದರೆ ತೊಲೆ ಗಟ್ಟಿಯಾಗಿದೆ, ಜೋಕಾಲಿ ಕಟ್ಟಬಹುದು. ನೋಡಿಯೇ ಹಿಡಿದಿದ್ದೇನೆ."

ಪಂಚಮಿಯ ಜೋಕಾಲಿ ಎಂದರೆ ನನಗೆ ಹುಚ್ಚು. ಚಿಕ್ಕಂದಿನಲ್ಲಿ ನನ್ನನ್ನು ತೂಗಿ ತೂಗಿ ಅಣ್ಣನ ಅಂಗೈಯಲ್ಲಿ ಬೊಬ್ಬೆ ಏಳುತ್ತಿದ್ದವು. ನಾನು ಕಾರ್ಡನ್ನು ಮಡಿಲಲ್ಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಎಮ್ಮೆಗಳ ಹತ್ತಿರ ಹೋಗಿದ್ದ ಮುದುಕಿ ತಿರುಗಿ ಬಂದು ನನ್ನ ಬೆನ್ನು ಸವರಿದಳು.

ನಾಲ್ಕು ಗಂಟೆಗೆ ಸೇತುವೆಯ ಆ ತುದಿಯಲ್ಲಿ ಜೀಪು ಕಾಣಿಸಿತು. ಆದರೆ ಅಲ್ಲೇ ನಿಂತಿತು. ಅದರಿಂದ ಒಬ್ಬನು ಇಳಿದು ನಡೆಯತೊಡಗಿದ. ಸೇತುವೆ ಉದ್ದವಾದದ್ದು, ಅರ್ಧ ದಾಟುವವರೆಗೂ ಅಪ್ಪನೇ ಬರುತ್ತಿದ್ದಾನೆ ಅನ್ನಿಸಿತು, ಅದೇ ನಡಿಗೆ. ಹತ್ತಿರ ಬಂದಾಗ ಅಣ್ಣ. ತಲೆಯ ಮುಂಭಾಗ ನೆರೆತಿತ್ತು. ಜೇಬಿನಲ್ಲಿ ಆಫೀಸಿನ ಪೆನ್ನು ಹಾಗೆಯೇ ಇತ್ತು. ಕೈಯಲ್ಲಿ ಕಾಗದದ ದೊಡ್ಡ ಪೊಟ್ಟಣ.

ನಮ್ಮ ಮನೆಯವರು ಹರಿಹರದ ಮನೆಯ ಬಾಗಿಲು ತಟ್ಟಿ, ಬೇರೆಯವರ ಮುಖ ಕಂಡು, ಅವರಿಂದ ತಿಳಿದುಕೊಂಡು ದಾವಣಗೆರೆಗೆ ಹೋಗಿ, ಮಿಲ್ಲಿನ ಗೇಟಿನಲ್ಲಿ ಕಾದು, ಅಣ್ಣನಿಗೆ ರಜೆ ಸಿಕ್ಕ ಮೇಲೆ ಕರೆತಂದಿದ್ದರು. ಸೇತುವೆಯ ತುದಿಯಲ್ಲಿ ಅಣ್ಣನೇ ಗಾಡಿ ನಿಲ್ಲಿಸಿದನಂತೆ. "ಕರ್ಯಾಕೆ ಹೋಗೋನು ನಡ್ಕೊಂಡು ಹೋಗ್ಬೇಕ್ರಿ" ಅಂದನಂತೆ.

ನನ್ನ ಎದುರಿಗೆ ನಿಂತು ಅಣ್ಣ "ನೀಲಾ, ಕರ್ಕೊಂಡು ಹೋಗಾಕೆ ಬಂದೀನಿ" ಎಂದ. ಎಸೆಯಬೇಕೆಂದಿದ್ದ ಕಾರ್ಡುಗಳನ್ನು ನಾನು ಸೆರಗಿನೊಳಗೆ ಮುಚ್ಚಿಕೊಂಡೆ.

"ಐದು ಕಾರ್ಡು ಬರೆದೆ" ಎಂದ ಅವನು, ಕಲ್ಲಿನ ಮೇಲೆ ಕೂತು. "ಒಂದಕ್ಕಾದ್ರೂ ಉತ್ತರ ಬರೀಬಾರ್ದಿತ್ತಾ? ಅಪ್ಪ ಹೋದ ಮ್ಯಾಲೆ ಇವಳಿಗೆ ನಾನು ಬ್ಯಾಡ ಅಂತ ತಿಳ್ಕೊಂಡಿದ್ದೆ."

"ನಾನೂ ಹಂಗೇ ತಿಳ್ಕೊಂಡಿದ್ದೆ. ಕಾರ್ಡು ಕರೆದ್ರೆ ಕರೆದಂಗೇನಣ್ಣ?"

"ನನಗೆ ಯಾರು ಹೇಳ್ಬೇಕಿತ್ತು? ಅಪ್ಪ ಹೇಳ್ಲಿಲ್ಲ, ಅಪ್ಪ ಬರ್ತಿದ್ದ ಅಷ್ಟೇ" ಎಂದ. ಆಮೇಲೆ ಪೊಟ್ಟಣ ನನ್ನ ಕೈಗಿಟ್ಟ. "ಬುತ್ತಿ ಕಟ್ಟಿಸಾಕೆ ಟೈಮ್ ಇರ್ಲಿಲ್ಲ. ಮಿಲ್ಲಿನ ಮುಂದ ಇದೇ ಸಿಕ್ತು."

ಬಿಚ್ಚಿದರೆ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಎಣ್ಣೆ ಕಾಗದಕ್ಕೆಲ್ಲ ಹತ್ತಿತ್ತು. ನಾವಿಬ್ಬರೂ ಮುದುಕಿಯೂ ಅಲ್ಲೇ ಕೂತು ತಿಂದೆವು. "ಅಣ್ಣ ಬಂದ್ನಲ್ಲವ್ವ, ಇನ್ನ ಏಳು" ಎಂದು ಅವಳೇ ನನ್ನನ್ನು ಎಬ್ಬಿಸಿದಳು. ಅಣ್ಣ ಟ್ರಂಕು ಹೆಗಲಿಗೇರಿಸಿದ, ನಾನು ಅವನ ಹಿಂದೆ ಸೇತುವೆ ದಾಟಿದೆ.

ಹರಿಹರದಿಂದ ದಾವಣಗೆರೆಗೆ ಒಂಬತ್ತು ಮೈಲಿ. ದಾರಿಯಲ್ಲಿ ನಮ್ಮ ಹಳೆಯ ಮನೆಯ ಮುಂದೆ ಇವರು ಜೀಪು ನಿಧಾನ ಮಾಡಿದರು. ಕಟ್ಟೆಯ ಮೇಲೆ ಯಾರೋ ಹೆಂಗಸು ಅಕ್ಕಿ ಆರಿಸುತ್ತಿದ್ದಳು. ಇಳಿಯಬೇಕೆನ್ನಿಸಲಿಲ್ಲ.

ಅಣ್ಣನ ಮನೆ ಎರಡು ಕೋಣೆಯದು. ಮಿಲ್ಲಿನ ಸೈರನ್ನು ಕೂಗಿದರೆ ತಟ್ಟೆಗಳು ನಡುಗುತ್ತಿದ್ದವು. ಅತ್ತಿಗೆ ಬಾಗಿಲಿಗೆ ನೀರಿನ ತಂಬಿಗೆ ತಂದಳು, ಕಾಲು ತೊಳೆಯುವುದಕ್ಕೂ ಬಿಡದೆ ತಬ್ಬಿಕೊಂಡಳು. ಗೂಟದ ಮೇಲೆ ಅಪ್ಪನ ರುಮಾಲು ಇತ್ತು. ತೊಲೆಯಲ್ಲಿ ಜೋಕಾಲಿಯ ಹಗ್ಗವೂ ಇತ್ತು. ಅಣ್ಣ ಕಾರ್ಡು ಅಂಚೆಗೆ ಹಾಕಿದ ದಿನವೇ ಕಟ್ಟಿದ್ದನೆಂದು ಅತ್ತಿಗೆ ಹೇಳಿದಳು. ಮೂವತ್ತು ದಾಟಿದ ನಾನು ನಾಚಿಕೆ ಬಿಟ್ಟು ಜೀಕಿದೆ. ತಲೆ ಗೋಡೆಗೆ ತಾಗುತ್ತಿತ್ತು, ಅಷ್ಟು ಚಿಕ್ಕ ಮನೆ. ನಮ್ಮ ಮನೆಯವರು ಬೆಣ್ಣೆ ದೋಸೆಯ ಹೋಟೆಲು ಹುಡುಕಿಕೊಂಡು ಹೋಗಿ ಆರು ದೋಸೆ ತಿಂದು ಬಂದರು.

ಪಂಚಮಿಯ ದಿನ ನಾಗಪ್ಪನಿಗೆ ಹಾಲೆರೆಯುವಾಗ ಅತ್ತಿಗೆ ನನ್ನನ್ನೇ ಮುಂದೆ ಮಾಡಿದಳು. ಅಪ್ಪನ ಪಾಲು, ಅವ್ವನ ಪಾಲು ಎಂದು ಎರೆದೆ. ಕುಮಟಾದಲ್ಲಿ ಹಿಂದಿನ ನಾಲ್ಕು ವರ್ಷವೂ ಅಣ್ಣನ ಪಾಲು ಎನ್ನುವಲ್ಲಿ ನನ್ನ ನಾಲಿಗೆ ತಡೆಯುತ್ತಿತ್ತು. ಆ ದಿನ ಬಟ್ಟಲಿನಲ್ಲಿ ಉಳಿದ ಹಾಲನ್ನೆಲ್ಲ ಅವನ ಹೆಸರಿಗೇ ಸುರಿದುಬಿಟ್ಟೆ.

ಐದನೆಯ ದಿನ ಹೊರಟೆವು. ಅತ್ತಿಗೆ ಉಡಿ ತುಂಬಿದಳು. ಅಣ್ಣ ಹರಿಹರದವರೆಗೆ ಬರುತ್ತೇನೆಂದು ಜೀಪು ಹತ್ತಿದವನು, ಸೇತುವೆ ಬಂದಾಗ ಇಳಿಯಲಿಲ್ಲ. ನಮ್ಮ ಜೊತೆ ದಾಟಿ ಬೇವಿನ ಮರದ ಹತ್ತಿರ ಇಳಿದ.

"ಮುಂದಿನ ವರ್ಷ ಇಲ್ಲಿ ಬಂದು ಕೂಡಬ್ಯಾಡ" ಎಂದ. "ನಾನೇ ಕುಮಟಾಕ್ಕೆ ಬರ್ತೀನಿ."

"ರಜಾ ಸಿಗದಿದ್ರೆ?" ಎಂದು ಕೆಣಕಿದೆ.

ಅವನು ಹಾಸುಗಲ್ಲಿನ ಕಡೆ ನೋಡಿದ. "ನಿನ್ನ ಒಂದು ಮಧ್ಯಾಹ್ನ ಇಲ್ಲಿ ಕೂಡ್ರಿಸಿದ್ದು ಸಾಕು. ನನಗೂ ಗೊತ್ತಾಗ್ಲಿ, ಕಾಯೋದು ಹೆಂಗಿರ್ತೈತೆ ಅಂತ."

ಆ ಮಾತಿನ ಅರ್ಥ ನನಗೆ ಆಗ ತಿಳಿಯಲಿಲ್ಲ. ಜೀಪು ಹೊರಟ ಮೇಲೆ ಗೋಣಿತಾಟು ಸರಿಸಿ ಹಿಂದೆ ನೋಡಿದೆ. ಅಣ್ಣ ಊರಿನ ಕಡೆಗೆ ಹೋಗಿರಲಿಲ್ಲ. ನಾನು ಕೂತಿದ್ದ ಹಾಸುಗಲ್ಲಿನ ಮೇಲೆ, ಸೇತುವೆಗೆ ಬೆನ್ನು ಮಾಡಿ, ನಾವು ಹೋಗುತ್ತಿದ್ದ ದಾರಿಯನ್ನು ನೋಡುತ್ತ ಕೂತಿದ್ದ. ರಸ್ತೆ ತಿರುಗಿ ಮರ ಮರೆಯಾಗುವವರೆಗೂ ಅವನು ಏಳಲಿಲ್ಲ.