ಏಳನೆಯ ವರ್ಷನ್

ಸತ್ತವರ ಸುಳಿವು ಸಿಕ್ಕಿತು ಎನ್ನುವವರನ್ನು ಕಂಡರೆ ನನಗೆ ಒಳಗೊಳಗೇ ನಗು ಬರುತ್ತಿತ್ತು. ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನು ಮಾತ್ರ ಹೇಳುತ್ತೇನೆ.

ಮಧುಗಿರಿಯಲ್ಲಿ ನಾನೂ ನನ್ನ ಹೆಂಡತಿ ಸರೋಜಳೂ ಮನೆಮನೆಗೆ ಇಂಟರ್ನೆಟ್ ಕೊಡುವ ಕೆಲಸ ಮಾಡುತ್ತಿದ್ದೆವು. ತಂತಿ, ಕಂಬ, ಗಿರಾಕಿ ನನ್ನ ಪಾಲು. ನಡುಮನೆಯ ಕಂಪ್ಯೂಟರ್ ಅವಳದು. ಎಲ್ಲ ಮನೆಗಳ ಇಂಟರ್ನೆಟ್ಟೂ ಅದನ್ನೇ ಹಾದುಹೋಗಬೇಕು. ಬರುವುದೆಲ್ಲ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಬರುತ್ತದೆ. ಕಂಪ್ಯೂಟರಿನ ಒಳಗಿನ ಕೆಲಸವನ್ನೆಲ್ಲ ನಡೆಸುವ ಕರ್ನಲ್ ಅವನ್ನು ಒಂದೊಂದಾಗಿ ನೋಡಿ ದಾಟಿಸುತ್ತಿತ್ತು. ಜನ ಹೆಚ್ಚಾದಾಗ ಕೈಸಾಲದೆ ಎಷ್ಟೋ ಪ್ಯಾಕೆಟ್‌ಗಳು ಬಿದ್ದುಹೋಗುತ್ತಿದ್ದವು. ಅವನ್ನು ಗುಂಪುಗುಂಪಾಗಿ ದಾಟಿಸುವಂತೆ ಸರೋಜ ಒಂದು ಮಾಡ್ಯೂಲ್ ಬರೆಯುತ್ತಿದ್ದಳು. ಕರ್ನಲ್ ಓಡುತ್ತಿರುವಾಗಲೇ ಅದರೊಳಗೆ ಸೇರಿಸಬಹುದಾದ ತುಂಡು ಅದು.

ಅವಳ ಆರನೆಯ ವರ್ಷನ್ ಹತ್ತು ನಿಮಿಷ ಚೆನ್ನಾಗಿ ಓಡಿ, ಕಂಪ್ಯೂಟರನ್ನೇ ನಿಲ್ಲಿಸಿಬಿಟ್ಟಿತು. ಗಿರಾಕಿಗಳ ಬೈಗುಳ ತಿಂದು ಬಂದವನು ಅವಳ ಮೇಲೆ ರೇಗಿದೆ.

"ಒಂದೇ ಒಂದು ತಪ್ಪೈತೆ ಕಣ್ರೀ. ಇನ್ನೊಂದ್ಸಲ ನೋಡ್ತೀನಿ" ಎಂದಳು.

"ನೋಡಿದ್ದು ಸಾಕು. ಅಳಿಸಾಕು ಅದ್ನ" ಎಂದೆ.

ನನ್ನೆದುರಿಗೇ ಎಲ್ಲವನ್ನೂ ಅಳಿಸಿದಳು. ಆಮೇಲೆ ಆ ಮಾತೇ ಎತ್ತಲಿಲ್ಲ. ಎರಡು ವಾರಕ್ಕೆ ಡೆಂಗೀ ಜ್ವರ ಬಂತು. ಆರು ದಿನದಲ್ಲಿ ಹೋಗಿಬಿಟ್ಟಳು.

ಮೂರು ತಿಂಗಳ ನಂತರ, ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನಾನು ಕೊರಟಗೆರೆಯಲ್ಲಿದ್ದೆ. ಬೆಳಿಗ್ಗೆಯಿಂದ ನೆಟ್ ಇಲ್ಲವೆಂದು ಫೋನಿನ ಮೇಲೆ ಫೋನು. ಮಧ್ಯಾಹ್ನ ಒಂದೂಕಾಲರ ಹೊತ್ತಿಗೆ ಫೋನುಗಳು ಒಮ್ಮೆಲೇ ನಿಂತುಹೋದವು. ಪೂರ್ತಿ ಕೆಟ್ಟು, ಜನ ಬೇಸತ್ತು ಕೈಬಿಟ್ಟರೆಂದುಕೊಂಡು ಬಸ್ಸು ಹತ್ತಿ ಮನೆಗೆ ಬಂದೆ.

ಕೆಟ್ಟಿರಲಿಲ್ಲ. ಊರೆಲ್ಲ ನೆಟ್ ಬಳಸುತ್ತಿದ್ದರೂ ಒಂದು ಪ್ಯಾಕೆಟ್ಟೂ ಬೀಳುತ್ತಿರಲಿಲ್ಲ. ಕರ್ನಲ್ಲಿನಲ್ಲಿ ಓಡುತ್ತಿದ್ದ ಮಾಡ್ಯೂಲ್‌ಗಳ ಪಟ್ಟಿ ತೆರೆದೆ. ಅವಳು ಇಟ್ಟಿದ್ದ ಹೆಸರು ಅಲ್ಲಿತ್ತು. ಕಂಪ್ಯೂಟರಿನ ದಾಖಲೆಯ ಪ್ರಕಾರ ಸೇರಿದ್ದು ಒಂದು ಗಂಟೆ ಹತ್ತು ನಿಮಿಷಕ್ಕೆ. ವರ್ಷನ್ ಏಳು.

ಏಳನೆಯದನ್ನು ಅವಳು ಬರೆದೇ ಇರಲಿಲ್ಲ.

ಡಿಸ್ಕಿನಲ್ಲೆಲ್ಲ ಹುಡುಕಿದೆ, ಅಂಥ ಫೈಲೇ ಇಲ್ಲ. ಹೊರಗಿನಿಂದ ಯಾರೂ ಲಾಗಿನ್ ಆದ ಗುರುತೂ ಇಲ್ಲ. ನಮ್ಮೊಂದಿಗೇ ಇದ್ದ ನನ್ನ ಅವ್ವನನ್ನು ಕರೆದು ಮನೆಗೆ ಯಾರಾದರೂ ಬಂದಿದ್ದರೇ ಎಂದು ಕೇಳಿದೆ.

"ಯಾರೂ ಬರ್ನಿಲ್ಲ ಕಣಪ್ಪ. ನಾನು ಒಳಗೆ ಮಲಗಿದ್ದೆ. ನಡುಮನೇಲಿ ಟಕಟಕ ಅಂತ ಸದ್ದು ಬತ್ತಿತ್ತು. ಸರೋಜ ಕೆಲ್ಸ ಮಾಡ್ತಾವ್ಳೆ ಅಂದ್ಕಂಡು ಎದ್ದೋಗಿ ಕಾಫಿಗಿಟ್ಬುಟ್ಟೆ. ನೀರು ಕುದಿಯೋ ಹೊತ್ಗೆ ಗ್ಯಾನ ಬಂತು…" ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಕುರ್ಚಿಯಲ್ಲೇ ಕುಳಿತು ಮಗುವಿನಂತೆ ಅತ್ತೆ. ಮೆಮೊರಿಯಲ್ಲಷ್ಟೇ ಇದ್ದ ಆ ಮಾಡ್ಯೂಲನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂದು ಹೊಳೆಯುವಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಹಳೆಯದು, ಎರಡು ನಿಮಿಷವೂ ತಡೆಯಲಿಲ್ಲ. ಮತ್ತೆ ಕಂಪ್ಯೂಟರ್ ಎದ್ದಾಗ ಪಟ್ಟಿಯಲ್ಲಿ ಅದು ಇರಲಿಲ್ಲ. ಸೇರಿದ್ದ ದಾಖಲೆಯೂ ಇರಲಿಲ್ಲ.

ಕಂಪ್ಯೂಟರ್ ಕೆಲಸ ಬಲ್ಲ ಸಿರಾದ ಗೆಳೆಯನೊಬ್ಬನಿಗೆ ಹೇಳಿದಾಗ, ದುಃಖದಲ್ಲಿ ಏನನ್ನೋ ತಪ್ಪು ಓದಿರಬೇಕು, ವಯಸ್ಸಾದ ಅವ್ವನ ಕಿವಿಯನ್ನೂ ನೆಚ್ಚಿಕೊಳ್ಳುವಂತಿಲ್ಲ ಎಂದ. ಇರಬಹುದು. ಆದರೆ ಆ ಮಧ್ಯಾಹ್ನ ಊರಿಗೆಲ್ಲ ನೆಟ್ ಸಿಕ್ಕಿತ್ತು.

ಅವನಿಗಿಂತ ಬಲ್ಲವರು ಎಷ್ಟೋ ಜನರಿದ್ದಾರೆ. ಕೇಳಿದರೆ ಯಾರಾದರೊಬ್ಬರು ಕಾರಣ ಹುಡುಕಿ ಕೊಟ್ಟಾರು. ಕೊಟ್ಟರೆ, ಅಂದು ಅವಳು ಬಂದಿರಲಿಲ್ಲ ಎಂದೂ ಆಗಿಹೋಗುತ್ತದೆ. ನಾನು ಇದುವರೆಗೆ ಬೇರೆ ಯಾರನ್ನೂ ಕೇಳಿಲ್ಲ.